ಇಂಗ್ಲಂಡಿನ ಗ್ಯಾರೇಜಿನಲ್ಲಿ ಹಾಕಿದ ಹಂದರ

ಖಾನಾಪುರ

ಎಲ್ಲರ ವಿದೇಶ ಪ್ರವಾಸ ವಿಮಾನದಿಂದ ಶುರುವಾಗುತ್ತದೆ. ನನ್ನದು ಖಾನಾಪುರದ ಮಾರುತಿ ಕುಂಬಾರನ ಅಂಗಳದಿಂದ ಶುರುವಾಯಿತು. ಕೈಯಲ್ಲಿ ಮಸಿ ಮೆತ್ತಿದ ಒಂದು ಫ್ಯಾಕ್ಸ್ ಕಾಗದ, ಅದರಲ್ಲಿ ಒಂದು ಮೋರೆ. ಹಣೆ ಒಂದು ಗೇಣು, ಬಾಯಿ ಇನ್ನೊಂದು ಗೇಣು, ನಡುವೆ ಮೂಗಿಗೆ ಜಾಗ ಸಿಕ್ಕದ್ದೇ ದೊಡ್ಡದು.

"ಇದು ಯಾರ ಮಾರಿರಿ ಬಾಯಾರ?" ಎಂದು ಮಾರುತಿ ಕೇಳಿದ. ನಾನು ಮೂವತ್ತು ವರ್ಷ ಸಾಲಿ ಕಲಿಸಿದವಳು. ನಮ್ಮ ಕಡೆ ಹೆಣ್ಣುಮಕ್ಕಳು ಮಾಸ್ತರಿಕೆ ಮಾಡಿದರೆ ನಿವೃತ್ತಿಯಾದರೂ ಬಾಯಾರ ಅನ್ನುವುದು ತಪ್ಪುವುದಿಲ್ಲ.

"ದೇವರು" ಎಂದೆ.

"ಯಾವೂರ ದೇವರ್ರಿ?"

"ಹವಾಯಿ."

"ಅದೆಲ್ಲಿ ಬರತೈತ್ರಿ, ಗೋವಾದ ಬಾಜೂಕ?"

"ಗೋವಾದಿಂದ ಭಾಳ ದೂರ. ಇಂಥಾವು ಇಪ್ಪತ್ನಾಕು ಮಾಡಿಕೊಡು. ಒಳಗ ಪೊಳ್ಳ ಇರಬೇಕು. ಅದರಾಗ ಕುಡೀತಾರ."

ಮಾರುತಿ ಕೈಗೆ ಹತ್ತಿದ ಮಣ್ಣು ಒರೆಸಿಕೊಂಡು, "ಏನ ಕುಡೀತಾರ್ರಿ?" ಎಂದ. "ಶರಬತ್ತು" ಎಂದೆ. ಅಜ್ಜಿ ತೀರಿದಳೆಂದು ವರ್ಷಕ್ಕೆ ಮೂರು ಸಲ ರಜೆ ಕೇಳುವ ಹುಡುಗರನ್ನು ನಾನು ಹೇಗೆ ನೋಡುತ್ತಿದ್ದೆನೋ ಹಾಗೆ ನನ್ನನ್ನು ನೋಡಿದ.

ಈಗ ಕಾಗದದ ಕಥೆ ಹೇಳಬೇಕು. ನನ್ನ ತಮ್ಮ ಶಶಿಕಾಂತ ಹಡಗಿನ ಫಿಟ್ಟರ್ ಆಗಿ ಹೋಗಿ, ಇಂಗ್ಲಂಡಿನಲ್ಲಿ ಇಳಿದು, ಲೆಸ್ಟರ್ ಎಂಬ ಊರಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆದವನು. ಅಲ್ಲಿಯವಳೇ ಆದ ಮೊರೀನಳನ್ನು ಮದುವೆಯಾಗಿ ಹದಿನಾಲ್ಕು ವರ್ಷ. ಆಕೆಗೆ ನಲವತ್ತು ತುಂಬುವ ದಿನಕ್ಕೆ ಮನೆಯ ಗ್ಯಾರೇಜಿನಲ್ಲಿ ಟಿಕಿ ಬಾರ್ ಕಟ್ಟುತ್ತಿದ್ದೇನೆ, ನೀನು ಬರಬೇಕು ಎಂದು ಫೋನ್ ಮಾಡಿ, ಹಿಂದೆಯೇ ಈ ಮೋರೆಯನ್ನು ಫ್ಯಾಕ್ಸಿನಲ್ಲಿ ಕಳಿಸಿದ. ಟಿಕಿ ಅಂದರೆ ದೂರದ ದ್ವೀಪಗಳಲ್ಲಿ ಕಟ್ಟಿಗೆಯಲ್ಲಿ ಕೊರೆಯುವ ಮೂರ್ತಿಯಂತೆ. ಅಮೆರಿಕದವರು ಅದನ್ನು ತಂದು ಶೆರೆ ಅಂಗಡಿಯಲ್ಲಿ ನಿಲ್ಲಿಸಿ, ಬಿದಿರು, ಹುಲ್ಲು, ಮೀನಿನ ಬಲೆ ಕಟ್ಟಿ, ಮೋರೆಯಾಕಾರದ ಮಗ್ಗಿನಲ್ಲಿ ಕುಡಿಯುವ ಪದ್ಧತಿ ಮಾಡಿದರು. ಅದನ್ನು ನೋಡಿ ಇಂಗ್ಲಂಡಿನವರು ಮನೆಯಲ್ಲೇ ಮಾಡಿಕೊಂಡರು. ಅವರದನ್ನು ನೋಡಿ ಗುಂಜಿ ಸ್ಟೇಶನ್ನಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ನನ್ನ ಜೊತೆ ಬೆಳೆದ ಶಶಿ ಮಾಡಲು ಹೊರಟಿದ್ದ.

"ನೀ ಹವಾಯಿ ನೋಡೀಯೇನೋ?" ಎಂದು ಕೇಳಿದ್ದೆ.

"ಹಡಗ ಹೋಗಿತ್ತು ಅಕ್ಕಾ. ನನಗ ಆವತ್ತ ಭೇದಿ ಹತ್ತಿತ್ತು. ಕೆಳಗ ಇಳೀಲಿಲ್ಲ."

ಇದು ತಮಾಷೆ. ನಾನು ಹೊರಟದ್ದು ತಮಾಷೆಗಲ್ಲ. ಹದಿನಾಲ್ಕು ವರ್ಷದ ಹಿಂದೆ ನಾನು ಕಾಕತಿಯ ಒಂದು ಮನೆತನಕ್ಕೆ ಮಾತು ಕೊಟ್ಟು, ಹುಡುಗಿಗೆ ಉಡಿ ತುಂಬಿ ಬಂದಿದ್ದೆ. ಮರುವಾರವೇ ಶಶಿಯ ಮದುವೆಯ ಫೋಟೋ ಅಂಚೆಯಲ್ಲಿ ಬಂತು. ನಾನು ಅದನ್ನು ಇನ್ನೊಂದು ಲಕೋಟೆಯಲ್ಲಿ ಹಾಕಿ ತಿರುಗಿ ಕಳಿಸಿಬಿಟ್ಟೆ. ಒಂದಕ್ಷರ ಬರೆಯಲಿಲ್ಲ. ಪ್ರತಿ ನಾಗಪಂಚಮಿಗೆ ಶಶಿ ಫೋನ್ ಮಾಡುತ್ತಿದ್ದ, ನಾನು ಆಕೆಯ ಹೆಸರು ಎತ್ತುತ್ತಿರಲಿಲ್ಲ. ಸಿಟ್ಟು ಎರಡು ವರ್ಷದಲ್ಲಿ ಇಳಿದಿತ್ತು. ನಾಚಿಕೆ ಇಳಿಯಲಿಲ್ಲ. ಈ ಇಪ್ಪತ್ನಾಲ್ಕು ಮಗ್ಗು ಬೇಕೆಂದವಳು ಮೊರೀನ್ ಎಂದು ಶಶಿ ಹೇಳಿದಾಗ, ಇವನ್ನು ಒಡೆಯದೆ ಮುಟ್ಟಿಸಿದರೆ ಆಕೆ ನನ್ನನ್ನು ಒಂದು ಸಲ ಅಕ್ಕಾ ಎಂದಾಳು ಎಂಬ ಆಸೆ ಹುಟ್ಟಿತು. ನನಗೆ ಬೇಕಾದದ್ದು ಅಷ್ಟೇ.

ಎರಡು ವಾರ ಬಿಟ್ಟು ಹೋದೆ. ಮಗ್ಗುಗಳು ಸಾಲಾಗಿ ಕೂತಿದ್ದವು, ಕೆಂಪಗೆ, ಚಂದವಾಗಿ. ಆದರೆ ಇಪ್ಪತ್ನಾಲ್ಕೂ ಕಣ್ಣು ಮುಚ್ಚಿದ್ದವು.

"ಕಣ್ಣೆಲ್ಲಿ ಮಾರುತಿ? ಚಿತ್ರದಾಗ ಇಷ್ಟಿಷ್ಟ ದೊಡ್ಡ ಕಣ್ಣ ಅದಾವಲ್ಲ."

"ಕಣ್ಣ ತೆಗದ್ರ ದೇವರಾತಲ್ರಿ. ಗಣಪತಿಗೂ ನಾವು ಕಣ್ಣ ಕಟ್ಟಕಡೀಕ ಬರೀತೇವಿ. ಕಣ್ಣ ಬಿಟ್ಟ ದೇವರ ತಲ್ಯಾಗ ಶೆರೆ ಹಾಕ್ಕೊಂಡ ಕುಡದ್ರ ಅಂವಗ ತಿಳಿಯೂದಿಲ್ಲೇನ್ರಿ? ಮಲಗಿದ್ದಾಗ ಕುಡೀಲಿ."

"ಶರಬತ್ತು ಅಂದೆನಲ್ಲ."

"ಹೌದ್ರಿ, ಖರೇ. ಶರಬತ್ತು." ಒಂದು ಮಗ್ಗನ್ನು ಬೆರಳಿನಿಂದ ಬಡಿದು ಟಣ್ಣನೆ ಸಪ್ಪಳ ಮಾಡಿ ತೋರಿಸಿದ. "ನೀರ ಹಾಕಿ ನೋಡ್ರಿ ಬೇಕಾದ್ರ, ಹ್ಯಾಂಗ ಬೆವರತೈತಿ. ಬೆವರಲಿಲ್ಲ ಅಂದ್ರ ಅದು ನನ್ನ ಕೈಯಾಂದಲ್ಲ."

ಬೆವರುವ ಗಡಿಗೆಯೇ ಒಳ್ಳೆಯ ಗಡಿಗೆ ಎಂದು ನಾನೂ ಹುಟ್ಟಿದಂದಿನಿಂದ ಕೇಳಿದವಳು. ತಲೆಯಾಡಿಸಿ ತಂದೆ.

ಸದಾಶಿವನಗರ

ಬೆಳಗಾವಿಯ ನಮ್ಮ ಸದಾಶಿವನಗರದಲ್ಲಿ ಒಬ್ಬರು ಪರದೇಶಕ್ಕೆ ಹೊರಟರೆ ಹತ್ತು ಮನೆಯವರು ಚೀಲ ಕಟ್ಟಲು ಬರುತ್ತಾರೆ. ಒಬ್ಬಾಕೆ ಬಟ್ಟೆ ಮಡಚುತ್ತಾಳೆ, ಒಬ್ಬಾಕೆ ಮಡಚಿದ್ದನ್ನು ಬಿಚ್ಚಿ ಬೇರೆ ನಮೂನೆ ಮಡಚುತ್ತಾಳೆ. ನನ್ನ ನಿದ್ದೆಯ ದೇವರುಗಳನ್ನು ನೋಡಿ ಎಲ್ಲರೂ ಮಡಚುವುದನ್ನು ಬಿಟ್ಟರು.

"ಇವು ಏನ್ರಿ ಬಾಯಾರ, ನಿಮ್ಮ ಶಾಲಿ ಇನ್‌ಸ್ಪೆಕ್ಟರ ಮಾರಿ ಇದ್ದಾಂಗ ಅದಾವು" ಎಂದಳು ಎದುರು ಮನೆಯ ಸುಮಿತ್ರಾ.

ಮಣ್ಣಿನ ಸಾಮಾನು ಒಡೆಯದ ಹಾಗೆ ಕಟ್ಟುವುದು ಹೇಗೆ ಎಂದು ಅರ್ಧ ತಾಸು ವಾದ ನಡೆಯಿತು. ಹಳೆಯ ಪೇಪರು, ಹತ್ತಿ, ಭತ್ತದ ಹುಲ್ಲು. ಕಡೆಗೆ ಸುಮಿತ್ರಾ ತನ್ನ ತವರಿನವರು ಬಳೆಗಳನ್ನು ಚುರಮುರಿಯಲ್ಲಿ ಹುದುಗಿಸಿ ಕಳಿಸುತ್ತಿದ್ದರು ಎಂದಳು. ಚುರಮುರಿ ಹಗುರ, ಮೆತ್ತಗೆ, ಸಂದಿಗೊಂದಿ ತುಂಬುತ್ತದೆ. ಮುಟ್ಟಿದ ಮೇಲೆ ಒಗ್ಗರಣೆ ಹಾಕಿ ತಿನ್ನಲೂ ಬರುತ್ತದೆ. ಇಷ್ಟು ಗುಣ ಯಾವ ಹತ್ತಿಗೆ ಇದೆ? ಎಲ್ಲರೂ ಒಪ್ಪಿದೆವು. ಪ್ರತಿ ಮಗ್ಗಿನ ಹೊಟ್ಟೆಗೆ ಚುರಮುರಿ ತುಂಬಿ, ಸುತ್ತ ಚುರಮುರಿ ಸುರಿದು, ಮೇಲೊಂದು ಕೌದಿ ಹೊದಿಸಿ ಸೂಟ್‌ಕೇಸ್ ಮುಚ್ಚಿದೆವು. ಮುಚ್ಚುವಾಗ ಸುಮಿತ್ರಾ ಅದರ ಮೇಲೆ ಕೂತಳು. ಒಳಗಿಂದ ಕರಕರ ಸಪ್ಪಳ ಬಂತು. ಚುರಮುರಿಯದೋ ದೇವರದೋ ಯಾರಿಗೂ ಖಾತ್ರಿಯಿರಲಿಲ್ಲ.

ಲಂಡನ್ನಿನ ಕಸ್ಟಮ್ಸ್

ವಿಮಾನದ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಕೂತೆ, ಕಾಲು ಬಾತವು, ಇಳಿದೆ.

ಕಸ್ಟಮ್ಸ್‌ನ ಅಧಿಕಾರಿ ಎತ್ತರದ ಮನುಷ್ಯ, ಮುಖದಲ್ಲಿ ಬಹಳ ಸೌಜನ್ಯ. ನಮ್ಮಲ್ಲಿ ತಪಾಸಣೆ ಮಾಡುವವರು ಮೊದಲು ಗದರುತ್ತಾರೆ, ಆಮೇಲೆ ಊರು ಕೇಳುತ್ತಾರೆ, ಆಮೇಲೆ ಸಂಬಂಧ ಹಚ್ಚುತ್ತಾರೆ. ಈತ ಎಲ್ಲದಕ್ಕೂ "ದಯವಿಟ್ಟು" ಎಂದ. ದಯವಿಟ್ಟು ಚೀಲ ಇಡಿ, ದಯವಿಟ್ಟು ಬೀಗ ತೆಗೆಯಿರಿ. ತೆಗೆದೆ. ಸುಮಿತ್ರಾ ಕೂತು ಒತ್ತಿದ್ದ ಒತ್ತಡವೆಲ್ಲ ಒಮ್ಮೆಲೇ ಬಿಡುಗಡೆಯಾಯಿತು. ಬೆಳಗಾವಿಯ ಚುರಮುರಿ ಲಂಡನ್ನಿನ ಮೇಜು, ನೆಲ, ಅಧಿಕಾರಿಯ ತೋಳು, ಎಲ್ಲ ಕಡೆ ಹಾರಿತು. ನಡುವಿನಿಂದ ಒಂದು ಮೋರೆ ಕಣ್ಣು ಮುಚ್ಚಿಕೊಂಡು ಮೇಲೆದ್ದಿತು.

ಆತ ಒಂದು ಕಾಳು ಎತ್ತಿ ಬೆಳಕಿಗೆ ಹಿಡಿದ. ಇದೇನು ಎಂದ. ಅಕ್ಕಿ ಎಂದೆ. ಅಕ್ಕಿ ಹೀಗೆ ಇರುವುದಿಲ್ಲವಲ್ಲ ಎಂದ. ಹುರಿದದ್ದು ಎಂದೆ. ಹುರಿದ ಅಕ್ಕಿಯಲ್ಲಿ ಹೂತಿಟ್ಟದ್ದು ಏನು ಎಂದ. ನನ್ನ ಇಂಗ್ಲಿಷು ಪಾಠಪುಸ್ತಕದ ಇಂಗ್ಲಿಷು, ಸುಳ್ಳು ಹೇಳಲು ಅದರಲ್ಲಿ ಅಭ್ಯಾಸ ಕೊಟ್ಟಿರಲಿಲ್ಲ. "ದೇವರಾಗದೆ ಉಳಿದ ಮೂರ್ತಿಗಳು, ಶೆರೆ ಕುಡಿಯುವುದಕ್ಕೆ" ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ನೀವು ಕುಡಿಯುತ್ತೀರಾ?"

"ಛೇ. ನನ್ನ ತಮ್ಮನ ಹೆಂಡತಿ."

ಆತ ಇನ್ನೊಬ್ಬರನ್ನು ಕರೆದ, ಅವರು ಮತ್ತೊಬ್ಬರನ್ನು. ಮೂವರೂ ಸೇರಿ ಒಂದೊಂದೇ ಮಗ್ಗನ್ನು ಅಲುಗಿಸಿ, ಮೂಸಿ, ಒಳಗಿನ ಚುರಮುರಿಯನ್ನು ಒಂದು ಬಿಳಿ ತಟ್ಟೆಗೆ ಸುರಿದು ಪರೀಕ್ಷೆ ಮಾಡಿದರು. ಕೊನೆಗೆ ಎತ್ತರದವನು ಗಂಭೀರವಾಗಿ, ಇವರೇಕೆ ನಿದ್ದೆ ಮಾಡುತ್ತಿದ್ದಾರೆ ಎಂದು ಕೇಳಿದ. ಅದು ಸರಕಾರದ ಪ್ರಶ್ನೆಯೋ ಸ್ವಂತದ್ದೋ ತಿಳಿಯಲಿಲ್ಲ. ನಮ್ಮ ಕುಂಬಾರನ ಮರ್ಯಾದೆ ಎಂದೆ. ಚುರಮುರಿ ಇಟ್ಟುಕೊಂಡು ದೇವರನ್ನು ಬಿಟ್ಟರು. ಎಣಿಸಿದೆ, ಇಪ್ಪತ್ನಾಲ್ಕೂ ಗಟ್ಟಿ ಇದ್ದವು. ಅಲ್ಲೇ ನಿಂತು ಮಾರುತಿಗೆ ಮನಸ್ಸಿನಲ್ಲಿ ಕೈ ಮುಗಿದೆ.

ಲೆಸ್ಟರ್, ಮೊದಲ ದಿನ

ಶಶಿಗೆ ಹೊಟ್ಟೆ ಬಂದಿದೆ, ತಲೆಯಲ್ಲಿ ಕೂದಲಿಲ್ಲ. ಅಪ್ಪಿಕೊಂಡು ಅತ್ತ, ನಾನೂ ಅತ್ತೆ. ಹಿಂದೆ ಕೆಂಪು ಕೂದಲಿನ ಮೊರೀನ್ ಕೈ ಕಟ್ಟಿಕೊಂಡು ನಿಂತಿದ್ದಳು. ಮುಂದೆ ಬಂದು ಕೈ ನೀಡಿ, "ಪ್ರವಾಸ ಚೆನ್ನಾಗಿ ಆಯಿತೇ, ಮಿಸೆಸ್ ಪಾಟೀಲ?" ಎಂದಳು.

ಇನ್ನು ಮುಂದೆ ಆಕೆಯ ಇಂಗ್ಲಿಷನ್ನು ನಾನು ನಮ್ಮ ಮಾತಿನಲ್ಲೇ ಬರೆಯುತ್ತೇನೆ. ಎರಡನೆಯ ದಿನದಿಂದ ನನ್ನ ಕಿವಿಗೆ ಅದು ಹಾಗೇ ಕೇಳತೊಡಗಿತ್ತು. "ಮಿಸೆಸ್ ಪಾಟೀಲ" ಮಾತ್ರ ಇದ್ದ ಹಾಗೆ ಇರಲಿ. ಆ ಎರಡು ಶಬ್ದ ಇಡೀ ಮನೆಯಲ್ಲಿ ಸಂಕ್ರಾಂತಿಯ ಥಂಡಿ ಹಬ್ಬಿಸುತ್ತಿದ್ದವು.

ಮಗ್ಗುಗಳನ್ನು ಅಡಿಗೆಮನೆಯ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಒಂದೊಂದಾಗಿ ಎತ್ತಿ ನೋಡಿ "ಲವ್ಲಿ" ಎಂದಳು. ಕಣ್ಣು ಯಾಕೆ ಮುಚ್ಚಿವೆ ಎಂದು ಕೇಳಲೂ ಇಲ್ಲ. ನಾನು ಮಾಡಿದ ಚಹಾಕ್ಕೆ ಲವ್ಲಿ, ಕೌದಿಗೆ ಲವ್ಲಿ, ಸ್ನಾನದ ಮನೆಯಲ್ಲಿ ನಾನು ಬಿಂದಿಗೆ ಹುಡುಕಿ ನೆಲವೆಲ್ಲ ನೀರು ಮಾಡಿದ್ದಕ್ಕೂ ಲವ್ಲಿ. ನಮ್ಮಲ್ಲಿ ಮನಸ್ಸು ಮುರಿದರೆ ಪಾತ್ರೆ ಕುಕ್ಕುತ್ತಾರೆ, ಬಾಗಿಲು ಬಡಿಯುತ್ತಾರೆ, ಊಟ ಬಿಡುತ್ತಾರೆ. ಮನುಷ್ಯಳ ಒಳಗೆ ಏನಿದೆ ಎಂದು ಓಣಿಗೆಲ್ಲ ತಿಳಿಯುತ್ತದೆ. ಇವರ ಸಿಟ್ಟಿಗೆ ಸಪ್ಪಳವೇ ಇಲ್ಲ. ಅದನ್ನು ಹಿಡಿಯುವುದಾದರೂ ಎಲ್ಲಿ?

"ಆಕಿ ನನಗ ಒಮ್ಮಿ ಬೈದಬಿಟ್ರ ಚಲೋ ಆಗತೈತೋ" ಎಂದೆ ಶಶಿಗೆ.

"ಬೈಯ್ಯೂದಿಲ್ಲ ಅಕ್ಕಾ. ಅಷ್ಟ ಸಲಿಗಿ ಆಗಿಲ್ಲ ಇನ್ನ" ಎಂದ. ಆ ಮಾತು ನನಗೆ ನಾಟಿತು.

ಗ್ಯಾರೇಜು

ಕಾರು ಹೊರಗೆ ಮಳೆಯಲ್ಲಿ, ನಾವು ಒಳಗೆ ಹವಾಯಿಯಲ್ಲಿ. ಒಂದು ವಾರ ಹೀಗೇ ಕಳೆಯಿತು.

ಶಶಿ ಬಿದಿರು ತಂದಿದ್ದೇನೆ ಎಂದ. ನೋಡಿದರೆ ಟೊಮೆಟೊ ಗಿಡಕ್ಕೆ ಆಸರೆ ಕೊಡುವ ಕಡ್ಡಿಗಳು. ಗುಂಜಿಯ ಕಾಡಿನಂಚಿನಲ್ಲಿ ಬೆಳೆದವರು ನಾವು, ತೋಳಿನಷ್ಟು ದಪ್ಪನೆಯ ಗಳ ನೋಡಿದವರು. "ಇದರಾಗ ಹಲ್ಲ ತಿಕ್ಕೂಣೇನೋ?" ಎಂದೆ. ಬೇರೆ ದಾರಿ ಇರಲಿಲ್ಲ. ಹತ್ತು ಕಡ್ಡಿ ಸೇರಿಸಿ ಒಂದು ಗಳ ಮಾಡಿ ಕಟ್ಟತೊಡಗಿದೆ. ಶಶಿಯ ಕಟ್ಟು ಬಸ್ಸಿನ ನಟ್ಟು-ಬೋಲ್ಟಿನವನ ಕಟ್ಟು, ಎರಡೇ ನಿಮಿಷಕ್ಕೆ ಜಾರುತ್ತಿತ್ತು. ಅಪ್ಪ ಕಲಿಸಿದ್ದ ಕಟ್ಟು ನನ್ನ ಬೆರಳಿಗೆ ಇನ್ನೂ ನೆನಪಿತ್ತು. ಅಡ್ಡ ಎರಡು ಸುತ್ತು, ಉದ್ದ ಎರಡು ಸುತ್ತು, ನಡುವೆ ಹಾಯಿಸಿ ಎಳೆಯುವುದು.

ನೆಲ ಕಾಂಕ್ರೀಟು, ಅಗಿಯಲು ಬರುವುದಿಲ್ಲ. ಬಣ್ಣದ ಖಾಲಿ ಡಬ್ಬಿಗಳಲ್ಲಿ ಸಿಮೆಂಟು ಕಲಸಿ ಗಳ ನಿಲ್ಲಿಸಿದೆವು. ಮೊದಲನೆಯದನ್ನು ನಿಲ್ಲಿಸುವಾಗ ನನಗೆ ತಡೆಯಲಿಲ್ಲ. ಹಾಲಿನವ ಮುಂಬಾಗಿಲಲ್ಲಿ ಇಟ್ಟು ಹೋಗಿದ್ದ ಬಾಟಲಿ ತಂದು ಒಂದಿಷ್ಟು ಬುಡಕ್ಕೆ ಹೊಯ್ದೆ, ಅರಿಸಿನದ ದಾರ ಕಟ್ಟಿದೆ.

"ಅಕ್ಕಾ, ಇದು ಹಾಲಗಂಬ ಆತಲ್ಲ" ಎಂದ ಶಶಿ.

ಮದುವೆಯ ಮನೆಯ ಮುಂದೆ ಹಂದರ ಹಾಕುವಾಗ ಮೊದಲು ನೆಡುವ ಗಳಕ್ಕೆ ನಮ್ಮಲ್ಲಿ ಹಾಲಗಂಬ ಅನ್ನುತ್ತಾರೆ. ಆಗ ನಾನೂ ನೋಡಿದೆ. ನಾಲ್ಕು ಮೂಲೆಗೆ ನಾಲ್ಕು ಗಳ, ಮೇಲೆ ಅಡ್ಡಗಳ, ಅದರ ಮೇಲೆ ಹುಲ್ಲು. ನಾವು ಕಟ್ಟುತ್ತಿದ್ದದ್ದು ಬಾರ್ ಅಲ್ಲ, ಹಂದರ. ತಮ್ಮನ ಮದುವೆಗೆ ಹಾಕಬೇಕಾಗಿದ್ದು, ಹಾಕದೆ ಉಳಿದದ್ದು. ಶಶಿ ಹಗ್ಗದ ತುದಿ ಕೊಟ್ಟ.

ಅಷ್ಟರಲ್ಲಿ ಪಕ್ಕದ ಮನೆಯ ಕೀತ್ ಬಂದ. ಎಪ್ಪತ್ತರ ಮುದುಕ, ದಿನಕ್ಕೆ ಮೂರು ಸಲ ಬಂದು ಕೈಯನ್ನು ಬೆನ್ನಿಗೆ ಕಟ್ಟಿಕೊಂಡು ನೋಡಿ, "ಅದು ನಿಲ್ಲೂದಿಲ್ಲ" ಎಂದು ಹೇಳಿ ಹೋಗುತ್ತಿದ್ದ. ನಮ್ಮ ಓಣಿಯಲ್ಲೂ ಇಂಥವರು ಇದ್ದಾರೆ, ಇಂಗ್ಲಂಡಿನಲ್ಲಿ ಮೊದಲ ಸಲ ಮನೆಯಲ್ಲಿದ್ದ ಹಾಗೆ ಅನಿಸಿತು. ಚಾವಣಿಗೆ ಶಶಿ ತಂದಿದ್ದ ಹುಲ್ಲು ಸೀರೆಯ ಹಾಗೆ ಸುರುಳಿ ಸುತ್ತಿಕೊಂಡು ಬಂದಿತ್ತು. ನಾನು ಅದನ್ನು ಬಿಚ್ಚಿ, ಒದ್ದೆ ಮಾಡಿ, ಕೆಳಗಿನಿಂದ ಮೇಲಕ್ಕೆ ಒಂದರ ಮೇಲೊಂದು ಬರುವ ಹಾಗೆ ಹೊದಿಸಿದೆ. ಗ್ಯಾರೇಜಿಗೆ ಮೊದಲೇ ಮಾಡು ಇದೆ, ಒಳಗೆ ಮಳೆ ಬರುವುದಿಲ್ಲವಲ್ಲ ಎಂದು ಕೀತ್ ಕೇಳಿದ. ನಾನು ಇನ್ನೊಂದು ಹಿಡಿ ಹುಲ್ಲು ಒದ್ದೆ ಮಾಡಿದೆ. ಖಾನಾಪುರದ ಮಳೆಯನ್ನು ತಡೆಯುವ ಹುಲ್ಲುಮಾಡು ಲೆಸ್ಟರಿನ ಕಾಂಕ್ರೀಟಿನ ಕೆಳಗೆ ಒಣಗಿ ನಿಂತಿತು.

ಮೊರೀನ್ ಸಂಜೆ ಕೆಲಸದಿಂದ ಬಂದು ಬಾಗಿಲಲ್ಲಿ ನಿಂತು ನೋಡಿದಳು. ದಾರ ಕಟ್ಟಿದ ಗಳವನ್ನು ಮುಟ್ಟಿದಳು. "ಇದು ಯಾಕ?" ಎಂದಳು. ಶಶಿ ಬಾಯಿ ತೆಗೆಯುವಷ್ಟರಲ್ಲಿ ನಾನು ಅಂಜಿ, "ಅಲಂಕಾರಕ್ಕೆ" ಎಂದುಬಿಟ್ಟೆ.

"ಲವ್ಲಿ" ಎಂದು ಒಳಗೆ ಹೋದಳು. ನನಗೆ ನನ್ನ ಮೇಲೆಯೇ ಹೇಸಿಕೆ ಬಂತು.

ಶುಕ್ರವಾರ

ಪಾರ್ಟಿ ಶನಿವಾರ. ಶುಕ್ರವಾರ ಮುಂಜಾನೆ ಪರೀಕ್ಷೆಗೆಂದು ಶಶಿ ಆರು ಮಗ್ಗಿಗೆ ಕೆಂಪು ಹಣ್ಣಿನ ರಸ ಸುರಿದು ಬಾರಿನ ಹಲಗೆಯ ಮೇಲೆ ಇಟ್ಟ. ನಾವು ಮೂವರೂ ಚಹಾ ಕುಡಿದು ಬರುವಷ್ಟರಲ್ಲಿ ಮಾರುತಿಯ ಮಾತು ಖರೆಯಾಗಿತ್ತು. ಮಗ್ಗುಗಳು ಬೆವರಿದ್ದವು. ಅದೂ ಹಣೆಯಿಂದ ಶುರುವಾಗಿ, ಮುಚ್ಚಿದ ಕಣ್ಣಿನ ಗೆರೆಯಲ್ಲಿ ಕೂಡಿ, ಕೆನ್ನೆಯ ಮೇಲೆ ಕೆಂಪಗೆ ಇಳಿದಿತ್ತು. ಆರು ದೇವರು ನಿದ್ದೆಯಲ್ಲಿ ರಕ್ತ ಸುರಿಸಿ ಅಳುತ್ತಿದ್ದರು. ಹಲಗೆಗೆ ಹಾಸಿದ್ದ ಹೊಸ ಬಿಳಿ ಬಟ್ಟೆ ಕೆಟ್ಟುಹೋಗಿತ್ತು.

ಶಶಿ ನಕ್ಕ. ನಾನು ನಗಲಿಲ್ಲ. ಮೊರೀನಳ ಮುಖ ನೋಡುತ್ತಿದ್ದೆ. ಆಕೆ ಲವ್ಲಿ ಎನ್ನಲಿಲ್ಲ. "ನಾಳಿಗೆ ಕಾಗದದ ಗ್ಲಾಸ್ ತರೂಣು" ಎಂದು ಒಳಗೆ ಹೋದಳು.

ನೀರಿನ ಗಡಿಗೆ ಬೆವರಬೇಕು, ಕುಡಿಯುವ ಪಾತ್ರೆ ಬೆವರಬಾರದು. ಇಷ್ಟು ಸಣ್ಣ ಮಾತು ಮಾರುತಿಗೂ ಹೊಳೆದಿರಲಿಲ್ಲ, ಮೂವತ್ತು ವರ್ಷ ಮಕ್ಕಳ ತಲೆ ತಿಂದ ನನಗೂ ಹೊಳೆದಿರಲಿಲ್ಲ. ಅಡಿಗೆಗೆ ಬಳಸುವ ಹೊಸ ಮಣ್ಣಿನ ಪಾತ್ರೆಗೆ ನಮ್ಮಲ್ಲಿ ಮೊದಲು ಗಂಜಿ ಕುಡಿಸುತ್ತಾರೆ. ದಪ್ಪ ಗಂಜಿಯನ್ನು ಬಿಸಿಬಿಸಿ ಸುರಿದು ಒಂದು ದಿನ ಬಿಟ್ಟರೆ ಸಣ್ಣ ತೂತುಗಳೆಲ್ಲ ಮುಚ್ಚುತ್ತವೆ. ಅಕ್ಕಿ ಎಲ್ಲಿದೆ ಎಂದು ಕೇಳಿದೆ. ಶಶಿ ಒಂದು ಡಬ್ಬಿ ತೆಗೆದು ಕೊಟ್ಟ. ಒಳಗೆ ಅಕ್ಕಿಯನ್ನು ಸಣ್ಣ ಸಣ್ಣ ತೂತಿನ ಪ್ಲಾಸ್ಟಿಕ್ ಚೀಲಗಳಲ್ಲಿ ಹಾಕಿಟ್ಟಿದ್ದರು, ಹಾಗೇ ಚೀಲ ಸಮೇತ ಕುದಿಸುವುದಂತೆ. ಅಕ್ಕಿಗೂ ಅಂಗಿ ತೊಡಿಸುವ ದೇಶ ಇದೊಂದೇ ಇರಬೇಕು. ಚೀಲಗಳನ್ನೆಲ್ಲ ಕತ್ತರಿಸಿ ದೊಡ್ಡ ಪಾತ್ರೆಗೆ ಸುರಿದೆ.

ಕುದಿಯುವ ವಾಸನೆಗೆ ಮೊರೀನ್ ಬಂದಳು. ಸುಮ್ಮನೆ ನೋಡಿದಳು. ಆಮೇಲೆ ಅಂಗಿಯ ತೋಳು ಮಡಚಿ, ಇನ್ನೊಂದು ಚಮಚ ತಗೊಂಡು ತಿರುವತೊಡಗಿದಳು. ತಳ ಹಿಡಿಯದ ಹಾಗೆ ತಿರುವುವುದು ಆಕೆಗೆ ಬರುತ್ತಿತ್ತು. ಗಂಜಿ ದಪ್ಪಗಾಗತೊಡಗಿತು.

"ಫೋಟೋ ಯಾಕ ತಿರುಗಿ ಕಳಿಸಿದ್ರಿ?" ಎಂದಳು, ಪಾತ್ರೆಯನ್ನೇ ನೋಡುತ್ತಾ.

ಕಡೆಗೂ ಬಂತು. ಹನ್ನೊಂದು ದಿನದಿಂದ ಬೈಸಿಕೊಳ್ಳಲು ಕಾದವಳು ನಾನು.

"ಸಿಟ್ಟ ಬಂದಿತ್ತು" ಎಂದೆ.

"ನನ್ನ ತಾಯಿ ಅದನ್ನ ಆರಿಸಿ ಕೊಟ್ಟಿದ್ಲು. ಎಲ್ಲಾದ್ರಾಗ ಚಲೋ ಬಂದಿದ್ದು, ಗಂಡನ ಮನಿಗೆ ಇದನ್ನ ಕಳಿಸು ಅಂದಿದ್ಲು. ತಿರುಗಿ ಬಂದಾಗ ಲಕೋಟಿ ಆಕೀನಽ ಒಡದ್ಲು."

ಇಷ್ಟು ಹೇಳಿ ತಿರುವುತ್ತಲೇ ಇದ್ದಳು. ನನಗೆ ಸಾರಿ ಅನ್ನಬೇಕಿತ್ತು. ಆದರೆ ಆ ಊರಿನಲ್ಲಿ ಹನ್ನೊಂದು ದಿನ ಕಳೆದಿದ್ದೆ. ಅಲ್ಲಿ ಬಸ್ಸಿನಲ್ಲಿ ಮೊಣಕೈ ತಾಗಿದರೆ ಸಾರಿ, ಸೀನಿದರೆ ಸಾರಿ, ಕೀತ್ ಒಮ್ಮೆ ನಮ್ಮ ಹಾಲಗಂಬಕ್ಕೆ ಡಿಕ್ಕಿ ಹೊಡೆದು ಅದಕ್ಕೇ ಸಾರಿ ಅಂದಿದ್ದ. ಕಂಬಕ್ಕೆ ಅನ್ನುವ ಮಾತನ್ನೇ ಈಕೆಗೂ ಅನ್ನುವುದೇ? ಬೇರೆ ಮಾತು ನನ್ನ ಇಂಗ್ಲಿಷಿನಲ್ಲಿ ಇರಲಿಲ್ಲ. ನಾನು ಮಗ್ಗು ಹಿಡಿದೆ, ಆಕೆ ಗಂಜಿ ಸುರಿದಳು. ಇಪ್ಪತ್ನಾಲ್ಕೂ ತುಂಬಿದವು. ಕೊನೆಯದಕ್ಕೆ ಸುರಿದು, "ನಡೀತೈತೇನು ಇದು, ಮಿಸೆಸ್ ಪಾಟೀಲ?" ಎಂದಳು.

"ನೋಡೂಣು" ಎಂದೆ.

ಶನಿವಾರ

ನಡೆಯಿತು. ಮಧ್ಯಾಹ್ನ ತೊಳೆದು ನೀರು ಹಾಕಿ ನೋಡಿದೆವು. ಎರಡು ಮಾತ್ರ ಸ್ವಲ್ಪ ಅತ್ತವು, ಉಳಿದ ಇಪ್ಪತ್ತೆರಡು ಗಟ್ಟಿಯಾಗಿ ಮಲಗಿದ್ದವು. ಗಂಜಿಯ ವಾಸನೆ ಪೂರ್ತಿ ಹೋಗಿರಲಿಲ್ಲ. ರಮ್ಮಿನ ಜೊತೆ ಅದು ಹೇಗಿರುತ್ತದೋ ಕುಡಿದವರಿಗೇ ಗೊತ್ತು, ನಾನು ಮಜ್ಜಿಗೆಯವಳು.

ಸಂಜೆ ಐದಕ್ಕೆ ಮಂದಿ ಬರತೊಡಗಿದರು. ಡಿಪೋದ ದೊಡ್ಡ ದೊಡ್ಡ ಗಂಡಸರು ಹೂವಿನ ಅಂಗಿ, ಕಾಗದದ ಮಾಲೆ, ಮೊಣಕಾಲ ಮೇಲಿನ ಚಡ್ಡಿ ತೊಟ್ಟು ಜಿಟಿಜಿಟಿ ಮಳೆಯಲ್ಲಿ ನಡುಗುತ್ತಾ ಅಂಗಳದಲ್ಲಿ ನಿಂತರು. ಎಲ್ಲರಿಗಿಂತ ಮುಂದೆ ಕೀತ್. ಬಾರಿನ ಬಾಗಿಲಿಗೆ ನಾನು ತೋರಣ ಕಟ್ಟಿದ್ದೆ. ಮಾವು ಸಿಕ್ಕಿರಲಿಲ್ಲ, ಕೀತನ ಬೇಲಿಯ ಎಲೆ, ಕೇಳದೆ ಕಿತ್ತದ್ದು. ಆತ ಅದನ್ನು ಗುರುತು ಹಿಡಿದು ದಿಟ್ಟಿಸಿ ನೋಡುತ್ತಿದ್ದ.

ಮೊದಲು ಮೊರೀನ್ ಒಳಗೆ ಹೋಗಬೇಕು, ಆಮೇಲೆ ಉಳಿದವರು ಎಂದು ಶಶಿ ಸಾರಿದ. ಆಕೆ ಹಸಿರು ಲಂಗ ಉಟ್ಟು, ಕಿವಿಯ ಮೇಲೆ ಹೂವಿಟ್ಟು ಬಂದಳು. ಬಾಗಿಲ ಹತ್ತಿರ ಬಂದಾಗ ನನಗೆ ಏನಾಯಿತೋ, ಎರಡೂ ಕೈ ಚಾಚಿ ಗಳ ಹಿಡಿದು ಅಡ್ಡ ನಿಂತೆ.

ಹಿಂದೆ ಬರುತ್ತಿದ್ದವರು ಒಬ್ಬರ ಮೇಲೊಬ್ಬರು ಬಂದು ನಿಂತರು.

"ಏನಕ್ಕಾ?" ಎಂದ ಶಶಿ, ಹೆದರಿ.

"ಆಕೀಗೆ ಹೇಳು. ಇದು ಹಂದರ. ಅಲಂಕಾರ ಅಂತ ನಾ ಸುಳ್ಳ ಹೇಳಿದ್ದೆ. ನಮ್ಮಲ್ಲಿ ಹೊಸ ಮದುಮಗಳನ್ನ ಮನಿಯೊಳಗ ಕರಕೊಳ್ಳೂಮುಂದ ಗಂಡನ ಅಕ್ಕ ಬಾಗಿಲಕ ಅಡ್ಡ ನಿಲ್ಲತಾಳ. ಗಂಡನ ಹೆಸರ ಒಡಪಿನಾಗ ಹಾಕಿ ಹೇಳೂತನಕ ಬಿಡೂದಿಲ್ಲ."

ಶಶಿ ಇಂಗ್ಲಿಷಿನಲ್ಲಿ ಎಲ್ಲ ಹೇಳಿದ. ಒಡಪು ಅಂದರೇನು ಎಂದು ಆಕೆ ಕೇಳಿದಳು. ಪ್ರಾಸ ಕೂಡಿಸಿದ ಎರಡು ಸಾಲು, ಎರಡನೆಯದರಲ್ಲಿ ಗಂಡನ ಹೆಸರು ಬರಬೇಕು ಎಂದು ಹೇಳಿ, ಮಾದರಿಗೆಂದು ನನ್ನ ಮದುವೆಯಲ್ಲಿ ನಾನು ಹೇಳಿದ್ದನ್ನೇ ಗಟ್ಟಿಯಾಗಿ ಹೇಳಿದೆ:

"ಬಾವ್ಯಾಗ ಬಿಂದಗಿ ಬಿತ್ತು, ಹಗ್ಗ ಆತು ಗಿಡ್ಡ,
ಶಿವನಗೌಡರ ಹೆಸರ ಹೇಳೇನಿ, ಯಾಕ ನಿಂತೀರಿ ಅಡ್ಡ?"

ಶಶಿ ಅದನ್ನು ಇಂಗ್ಲಿಷಿಗೆ ತಿರುಗಿಸಿದ. ಅರ್ಧ ಮಂದಿ ಯಾರೋ ಬಾವಿಗೆ ಬಿದ್ದರೆಂದು ತಿಳಿದು ಮರುಗಿದರು. ಮಳೆ ಜೋರಾಯಿತು. ಕಾಗದದ ಮಾಲೆಗಳ ಬಣ್ಣ ಅಂಗಿಗೆ ಇಳಿಯತೊಡಗಿತು. ಬಾಗಿಲು ಬಿಡಿಸಲು ಏನು ಕೊಡಬೇಕು ಎಂದು ಕೀತ್ ಪಕ್ಕದವನನ್ನು ಕೇಳುತ್ತಿದ್ದ.

ಮೊರೀನ್ ನನ್ನನ್ನೇ ನೋಡುತ್ತಾ ನಿಂತಿದ್ದಳು. ತುಟಿ ಅಲುಗುತ್ತಿತ್ತು, ಬೆರಳಿನಲ್ಲಿ ಪ್ರಾಸ ಎಣಿಸುತ್ತಿದ್ದಳು. ಲವ್ಲಿ ಎಂದು ನನ್ನ ತೋಳಿನ ಕೆಳಗೆ ನುಸುಳಿ ಹೋಗಿಬಿಟ್ಟರೆ ನನ್ನ ಪಾಲಿಗೆ ಅಲ್ಲಿಗೆ ಮುಗಿಯಿತು. ಆಮೇಲೆ ಆಕೆ ಗಂಟಲು ಸರಿ ಮಾಡಿಕೊಂಡು, ತನ್ನ ಭಾಷೆಯಲ್ಲಿ, ಪ್ರಾಸ ತಪ್ಪದೆ ಹೇಳಿದಳು. ಅದು ನಮ್ಮಲ್ಲಿ ಹೀಗಾಗುತ್ತದೆ:

"ಗ್ಯಾರೇಜ್ ತುಂಬ ಬಿದಿರಾತು, ಕಾರ್ ನಿಂತೈತಿ ಮಳಿಯಾಗ,
ಶಶಿ ಅಂಬಾಂವ ಗಂಟ ಬಿದ್ದ, ಎಂಟನೇ ನಂಬರ್ ಬಸ್ಸಿನಾಗ."

ಅಂಗಳವೆಲ್ಲ ಹೋ ಎಂದಿತು. ಡಿಪೋದವರು ಶಶಿಯ ಬೋಳುತಲೆಗೆ ಬಡಿದರು. ನಾನು ನಗುತ್ತಾ ಅಳುತ್ತಾ ಕೈ ತೆಗೆದೆ. ಮೊರೀನ್ ಮಾತ್ರ ಕಾಲು ಎತ್ತಲಿಲ್ಲ.

"ಇಷ್ಟಽ ಏನು?" ಎಂದಳು.

"ಇಷ್ಟಽ."

"ಇದನ್ನ ಹದಿನಾಲ್ಕು ವರ್ಷದ ಹಿಂದ ಕೇಳಿದ್ರ, ಆವತ್ತಽ ಹೇಳತಿದ್ನಲ್ಲ, ಅಕ್ಕಾ."

ಕೊನೆಯ ಶಬ್ದವನ್ನು ಮಾತ್ರ ಆಕೆ ಕನ್ನಡದಲ್ಲೇ ಅಂದಳು, ಶಶಿ ಅನ್ನುವ ಹಾಗೆಯೇ ಎಳೆದು. ಅದು ಇಂಥ ಮಾತಿನ ಹಿಂದೆ ಬರುತ್ತದೆ ಎಂದು ನಾನು ಎಣಿಸಿರಲಿಲ್ಲ. ಜನ್ಮವೆಲ್ಲ ಮಂದಿಯ ಮಕ್ಕಳಿಂದ ಉತ್ತರ ಕೇಳಿದವಳು ನಾನು, ಆಗ ನನ್ನ ಹತ್ತಿರ ಒಂದೂ ಇರಲಿಲ್ಲ. ಬಾಗಿಲು ಬಿಟ್ಟು ಬದಿಗೆ ಸರಿದು ನಿಂತೆ.